ಪಟ್ಟಿ ಬರವಲ್ದು! ಏಳು ಪ್ರಿಂಟರ್‌ಗಳಿಗೆ ಕಾಯಂ ವಿಳಾಸ ಕೊಡಿಸಿದ ಕಥೆ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಸುಗ್ಗಿ ಇದ್ದಾಗ ಆ ಎರಡು ದಿನ ನಮಗೆ ಊಟದ ನೆನಪೂ ಇರುವುದಿಲ್ಲ. ನಾನು ಇಲ್ಲಿನ ಮಾರುಕಟ್ಟೆ ಪ್ರಾಂಗಣದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬಿ.ಕಾಂ. ಕಂಪ್ಯೂಟರ್ ಅಂದರೆ ಟ್ಯಾಲಿ, ಸ್ವಲ್ಪ ಎಕ್ಸೆಲ್, ಮತ್ತೆ ಏನೇ ಕೆಟ್ಟರೂ ಒಮ್ಮೆ ಆಫ್ ಮಾಡಿ ಆನ್ ಮಾಡುವುದು. ಗೊತ್ತಿದ್ದದ್ದು ಇಷ್ಟೇ. ಈಗ ನಮ್ಮ ಏಳು ಪ್ರಿಂಟರ್‌ಗಳಿಗೆ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಒಂದೊಂದು ಯಂತ್ರವನ್ನೂ ಗುರುತಿಸುವ ನಂಬರ್, ಹಂಚುವ ಸಣ್ಣ ಯಂತ್ರವೊಂದನ್ನು ನಾನೇ ಕೂರಿಸಿದ್ದೇನೆ. ಐದು ವಾರ ಹಿಡಿಯಿತು. ಬಲ್ಲವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ನನ್ನಂಥವರಿಗೆ ಎಲ್ಲೆಲ್ಲಿ ಕಾಲು ಜಾರುತ್ತದೆ ಅಂತ ಹೇಳಲು ಬರೆಯುತ್ತಿದ್ದೇನೆ.

ಶುರುವಾದದ್ದು ಜನವರಿಯ ಒಂದು ಗುರುವಾರ. ಮಧ್ಯಾಹ್ನ ಟೆಂಡರ್ ದರ ಬಂತು, ತೂಕ ಮುಗಿಯಿತು. ಇನ್ನು ರೈತರಿಗೆ ಪಟ್ಟಿ ಕೊಡಬೇಕು. ಹೊರಗಿನವರಿಗೆ ಹೇಳುತ್ತೇನೆ: ಪಟ್ಟಿ ಅಂದರೆ ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಕೊನೆಗೆ ಕೈಗೆ ಎಷ್ಟು ಅನ್ನುವ ಲೆಕ್ಕದ ಕಾಗದ. ಅದು ಸಿಗದೆ ರೈತ ಎದ್ದು ಹೋಗುವುದಿಲ್ಲ. ಹೋಗಲೂಬಾರದು. ನಮ್ಮಲ್ಲಿ ಅದನ್ನು ಮೂರು ಪ್ರತಿಯ ಉದ್ದನೆ ಕಾಗದದ ಮೇಲೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹೊಡೆಯುತ್ತದೆ. ಲೇಸರ್‌ನಲ್ಲಿ ಒಂದೇ ಏಟಿಗೆ ಮೂರು ಪ್ರತಿ ಬರುವುದಿಲ್ಲ ಅಲ್ವಾ, ಅದಕ್ಕೇ ಈ ಕರಕರ ಯಂತ್ರಗಳು ಪೇಟೆಯಲ್ಲಿ ಇನ್ನೂ ಬದುಕಿವೆ.

ಅವತ್ತು ಕರಕರ ಸದ್ದೇ ಇಲ್ಲ. ನಾನು ಪ್ರಿಂಟ್ ಒತ್ತುತ್ತೇನೆ, ಕಂಪ್ಯೂಟರ್ ಕಳಿಸಿದೆ ಅನ್ನುತ್ತದೆ, ಪ್ರಿಂಟರ್ ಸುಮ್ನೆ ಕೂತಿದೆ. ಬಳ್ಳಾರಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಮೊದಲು ಬೆಂಚಿನ ಮೇಲೆ ಕೂತಿದ್ದರು, ಆಮೇಲೆ ಮೇಜಿನ ಹತ್ತಿರ ಬಂದು ನಿಂತರು. "ತಮ್ಮಾ, ಎಷ್ಟೊತ್ತು ಕಾಯೋದು? ಲಾರಿಯವ್ನು ಹಾರ್ನ್ ಹೊಡೀತಾನೆ." ಒಳಗಿನ ಕೋಣೆಯಿಂದ ಸಾವ್ಕಾರರ ದನಿ, "ಏನಾತಪಾ?" ನಾನು, "ಪಟ್ಟಿ ಬರವಲ್ದು ಸಾವ್ಕಾರ್ರ." ಕೊನೆಗೆ ನಮ್ಮ ಹಿರಿಯ ಗುಮಾಸ್ತ ಕಾಕಾ ಹಳೆಯ ಪಟ್ಟಿ ಪುಸ್ತಕ ಕೆಳಗಿಳಿಸಿದರು, ಕಾರ್ಬನ್ ಹಾಳೆ ಸಿಕ್ಕಿಸಿದರು. ಇಬ್ಬರೂ ಸೇರಿ 38 ಪಟ್ಟಿ ಕೈಯಲ್ಲೇ ಬರೆದೆವು. ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು ದಾಟಿತ್ತು.

ಮರುದಿನ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು, "ಮಾಮಾ, ಆ ಪ್ರಿಂಟರ್ ವಿಳಾಸಕ್ಕ ಪಿಂಗ್ ಮಾಡಿ ನೋಡು" ಅಂದ. ಪಿಂಗ್ ಅಂದರೆ ಒಂದು ವಿಳಾಸಕ್ಕೆ "ಇದ್ದೀಯಾ?" ಅಂತ ಕೂಗುವುದು. ನಮ್ಮ ಪ್ರಿಂಟರ್ ವಿಳಾಸ 192.168.1.12. ಕೂಗಿದೆ, ಉತ್ತರ ಬಂತು. "ಈಗ ಪ್ರಿಂಟರ್ ವೈರ್ ಕಿತ್ತು ಮತ್ತ ಕೂಗು." ಕಿತ್ತೆ. ಆಗಲೂ ಉತ್ತರ ಬಂತು! ವೈರ್ ನನ್ನ ಕೈಯಲ್ಲಿದೆ, 12 ಮಾತ್ರ "ಇದ್ದೇನೆ" ಅನ್ನುತ್ತಿದೆ. ನನಗೆ ಮೈ ಜುಂ ಅಂದಿತು. ಅವನು ನಕ್ಕ. "ಮಾಮಾ, ಪ್ರಿಂಟರ್ ಕೆಟ್ಟಿಲ್ಲ. ಅದರ ಮನೆಯೊಳಗ ಬ್ಯಾರೆ ಯಾರೋ ಹೊಕ್ಕಾರ."

ಆ ಬೇರೆ ಯಾರೋ ಒಂದು ಮೊಬೈಲ್. ಖರೀದಿದಾರರು ಕಟ್ಟೆಗೆ ಬಂದು ಮಾಲು ನೋಡಿ ದರ ಹಾಕುವಾಗ ಸಿಗ್ನಲ್ ಇಲ್ಲ ಅಂತ ನಮ್ಮ ವೈಫೈ ಕೇಳುತ್ತಾರೆ. ಕೊಡುತ್ತೇವೆ. ಇಂಟರ್ನೆಟ್ ಡಬ್ಬ, ಅಂದರೆ ರೌಟರ್, ಬಂದ ಬಂದ ಯಂತ್ರಕ್ಕೆ ಒಂದೊಂದು ವಿಳಾಸ ಹಂಚುತ್ತದೆ. ಬಾಡಿಗೆ ಮನೆ ಇದ್ದ ಹಾಗೆ, ಇಂತಿಷ್ಟು ತಾಸಿಗೆ ಅಂತ. ಮಧ್ಯೆ ಕರೆಂಟ್ ಹೋಗಿ ಬಂದರೆ ನಮ್ಮ ರೌಟರ್‌ಗೆ ಹಿಂದಿನದ್ದೆಲ್ಲ ಮರೆತುಹೋಗುತ್ತದೆ. ಯಾರು ಮೊದಲು ಕೇಳುತ್ತಾರೋ ಅವರಿಗೆ ಕೊಡುತ್ತದೆ. ನಮ್ಮ ಪ್ರಿಂಟರ್‌ಗೆ ಹಿಂದೆ ಯಾರೋ ಕೈಯಿಂದ ಹಾಕಿದ್ದ 12 ರೌಟರ್‌ಗೆ ಗೊತ್ತೇ ಇಲ್ಲ, ಅದು ಈಗ ಖರೀದಿದಾರರೊಬ್ಬರ ಜೇಬಿನಲ್ಲಿತ್ತು. ನಮ್ಮ ಕಂಪ್ಯೂಟರ್‌ಗಳು ಪಾಪ, ಹಳೇ ವಿಳಾಸಕ್ಕೇ ಪಟ್ಟಿ ಕಳಿಸುತ್ತಿದ್ದವು.

ಇಷ್ಟು ಗೊತ್ತಾದ ಮೇಲೂ ನಾನು ಮಾಡಿದ ಮೊದಲ ಕೆಲಸ ತಪ್ಪು. ರಿಪೇರಿಯವರನ್ನು ಕರೆಸಿದೆ. ಅವರು ಬಂದರು, ಏನು ಎತ್ತ ಕೇಳದೆ ಮೂರೂ ಡಾಟ್ ಮ್ಯಾಟ್ರಿಕ್ಸ್‌ಗಳ ನೆಟ್‌ವರ್ಕ್ ಡಬ್ಬಿಗಳ ಗುಂಡಿ ಒತ್ತಿ ಹಿಡಿದು ಎಲ್ಲವನ್ನೂ ಕಂಪನಿಯಿಂದ ಬಂದ ಸ್ಥಿತಿಗೆ ತಂದರು. ಅಲ್ಲಿಯವರೆಗೆ ಒಂದು ಕೆಟ್ಟಿತ್ತು, ಆಮೇಲೆ ಮೂರೂ ನಿಂತವು. "ಇವೆಲ್ಲಾ ಹಳೇ ಮಾಲು, ಹೊಸಾವು ತಗೋರಿ" ಅಂತ 54,000 ರೂಪಾಯಿಯ ಲೆಕ್ಕ ಬರೆದುಕೊಟ್ಟು, ಬಂದದ್ದಕ್ಕೆ 600 ಇಸಿದುಕೊಂಡು ಹೋದರು. ಸಾವ್ಕಾರರು ಆ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. "ಪ್ರಿಂಟರ್ ಕೆಟ್ಟಾವೇನು?" ಇಲ್ರಿ. "ಮತ್ಯಾಕ ಹೊಸಾವು?" ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಈ ನೆಟ್‌ವರ್ಕ್ ಡಬ್ಬಿ ಅಂದರೇನು ಅಂತ ಹೇಳಲೇಬೇಕು. ಹಳೆಯ ಡಾಟ್ ಮ್ಯಾಟ್ರಿಕ್ಸ್‌ಗೆ ಹಿಂದೆ ಅಗಲವಾದ ಪ್ಯಾರಲಲ್ ಪೋರ್ಟ್ ಇರುತ್ತದೆ, ನೆಟ್‌ವರ್ಕ್ ಕೇಬಲ್ ಹಾಕುವ ತೂತು ಇರುವುದಿಲ್ಲ. ಮಧ್ಯೆ ಒಂದು ಸಣ್ಣ ಪೆಟ್ಟಿಗೆ ಬೇಕು. ನಮ್ಮಲ್ಲಿರುವುದು ಎಚ್‌ಪಿ ಜೆಟ್‌ಡೈರೆಕ್ಟ್ 170ಎಕ್ಸ್, ಸೆಕೆಂಡ್ ಹ್ಯಾಂಡ್. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ಇರುವುದು ಒಂದು ಗುಂಡಿ, ಒಂದೆರಡು ದೀಪ. ಕರೆಂಟ್ ಕೊಟ್ಟ ಕೂಡಲೇ ಅದು ನೆಟ್‌ವರ್ಕ್ ತುಂಬಾ ಕೂಗುತ್ತದೆ: "ನನ್ನ ಹುಟ್ಟಿದ ನಂಬರ್ ಇದು, ನನ್ನ ವಿಳಾಸ ಏನು?" ಈ ಕೂಗುವ ಪದ್ಧತಿಯ ಹೆಸರು ಬೂಟ್‌ಪಿ, ಬೂಟ್‌ಸ್ಟ್ರ್ಯಾಪ್ ಪ್ರೋಟೋಕಾಲ್. ಉತ್ತರ ಬಾರದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ತನ್ನಷ್ಟಕ್ಕೆ 192.0.0.192 ಅನ್ನುವ ವಿಳಾಸ ಇಟ್ಟುಕೊಂಡು ಕೂತುಬಿಡುತ್ತದೆ. ಮೂರು ಡಬ್ಬಿ, ಮೂರಕ್ಕೂ ಅದೇ ವಿಳಾಸ. ರಿಪೇರಿಯವರು ಹೋದ ಮೇಲೆ ನಮ್ಮಲ್ಲಿ ಆದದ್ದು ಇದೇ. ಗುಂಡಿ ಒತ್ತಿದರೆ ಡಬ್ಬಿ ತನ್ನ ವಿವರಗಳ ಪುಟವೊಂದನ್ನು ಪ್ರಿಂಟರ್ ಮೇಲೆ ಹೊಡೆಯುತ್ತದೆ. ಅದರಲ್ಲಿ 192.0.0.192 ಕಂಡರೆ ಪ್ರಿಂಟರ್ ಬೈಯಬೇಡಿ. ಅದು ಕೇಳಿದೆ, ಉತ್ತರ ಕೊಡುವವರು ಇರಲಿಲ್ಲ.

ಬೂಟ್‌ಪಿ ನಿನ್ನೆ ಮೊನ್ನೆಯದಲ್ಲ. 1985ರ ಸೆಪ್ಟೆಂಬರ್‌ನಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಬರೆದ ಆರ್‌ಎಫ್‌ಸಿ 951 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿ ಅದರ ನಿಯಮಗಳಿವೆ. ಆಗ ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳಿದ್ದವು. ಎದ್ದ ಕೂಡಲೇ ತಮ್ಮ ವಿಳಾಸ ಏನು, ಯಾವ ಫೈಲ್ ತಂದು ಓಡಿಸಿಕೊಳ್ಳಬೇಕು ಅಂತ ಬೇರೆ ಯಂತ್ರವನ್ನು ಕೇಳಬೇಕಿತ್ತು. ಪ್ರಿಂಟರ್‌ಗೆ ಆ ಫೈಲ್ ಬೇಡ, ವಿಳಾಸ ಸಾಕು. 1993ರಲ್ಲಿ ಬಂದ ಡಿಎಚ್‌ಸಿಪಿ ಇದರ ಮೇಲೇ ಬೆಳೆದದ್ದು. ಇಂದಿನ ರೌಟರ್, ಮೊಬೈಲ್ ಎಲ್ಲ ಬಳಸುವುದು ಅದನ್ನೇ. ಎರಡಕ್ಕೂ ಬಾಗಿಲು ಒಂದೇ: ಹಂಚುವವನು ಕಿವಿ ಇಡುವುದು 67ನೇ ಪೋರ್ಟ್‌ನಲ್ಲಿ, ಕೇಳುವವನಿಗೆ ಉತ್ತರ ಬರುವುದು 68ರಲ್ಲಿ. ವ್ಯತ್ಯಾಸ ಏನಪ್ಪಾ ಅಂದರೆ ಡಿಎಚ್‌ಸಿಪಿಯಲ್ಲಿ ವಿಳಾಸ ಬಾಡಿಗೆಗೆ, ಬೂಟ್‌ಪಿಯಲ್ಲಿ ಕಾಯಂ. ಬೂಟ್‌ಪಿ ಹಂಚುವವನ ಹತ್ತಿರ ಒಂದು ದಫ್ತರ ಇರುತ್ತದೆ. ಇಂಥ ನಂಬರ್ ಬಂದರೆ ಇಂಥ ವಿಳಾಸ ಅಂತ ಬರೆದಿಟ್ಟಿರಬೇಕು. ನಮ್ಮ ರೌಟರ್ ಆ ಡಬ್ಬಿಗಳ ಕೂಗಿಗೆ ಕಿವಿಯೇ ಕೊಡುತ್ತಿರಲಿಲ್ಲ.

ಪ್ರತಿ ಪ್ರಿಂಟರ್‌ಗೂ ಕೈಯಿಂದಲೇ ವಿಳಾಸ ಹಾಕಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಹಾಕಬಹುದು. ಹಿಂದೆ ಯಾರೋ ಹಾಗೇ ಹಾಕಿದ್ದರಂತೆ, ಗುಂಡಿ ಒತ್ತಿದ ಕೂಡಲೇ ಹೋಯಿತು. ಯಾವುದಕ್ಕೆ ಯಾವ ನಂಬರ್ ಇತ್ತು ಅಂತ ಒಂದು ಚೀಟಿಯೂ ಇಲ್ಲ. ಎರಡು ಪ್ರಿಂಟರ್ ಇರುವ ಅಂಗಡಿಗೆ ಕೈಯಿಂದ ಹಾಕಿಕೊಳ್ಳಿ, ಈ ಉಸಾಬರಿ ಬೇಡ. ನಾಲ್ಕು ದಾಟಿದರೆ ಒಂದೇ ಕಡೆ ದಫ್ತರ ಇರುವುದು ಒಳ್ಳೆಯದು, ಇದು ನನ್ನ ಅಭಿಪ್ರಾಯ.

ಅಕ್ಕನ ಮಗ ಹೇಳಿದ ಮೊದಲ ಕೆಲಸಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. "ಒಂದು ನೋಟ್‌ಬುಕ್ ತಗೋ ಮಾಮಾ." ಪ್ರತಿ ಪ್ರಿಂಟರ್‌ನ ಹುಟ್ಟಿದ ನಂಬರ್, ಅಂದರೆ ಮ್ಯಾಕ್ ವಿಳಾಸ, ಬರೆದುಕೊಳ್ಳಬೇಕು. 12 ಅಕ್ಷರ ಇರುತ್ತವೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಇಂಗ್ಲಿಷಿನ ಎ ಇಂದ ಎಫ್ ವರೆಗಿನ ಅಕ್ಷರ, ಅಷ್ಟೇ. ಮೊದಲ ಆರು ಯಾವ ಕಂಪನಿಯದ್ದು ಅಂತ ಹೇಳುತ್ತವೆ. ಪ್ರಿಂಟರ್ ಹಿಂದಿನ ಚೀಟಿಯ ಮೇಲೆ ಇರುತ್ತದೆ, ಇಲ್ಲವಾದರೆ ವಿವರಗಳ ಪುಟ ಹೊಡೆದರೆ ಬರುತ್ತದೆ.

ಸುಲಭ ಅನಿಸುತ್ತದೆ ಅಲ್ವಾ? ನನಗೆ ಎರಡು ದಿನ ಬೇಕಾಯಿತು. ನಮ್ಮ ಅಂಗಡಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಪ್ರತಿಯೊಂದರ ಮೇಲೂ ಮೆಣಸಿನಕಾಯಿ ಧೂಳು ಕೂತಿರುತ್ತದೆ. ಪ್ರಿಂಟರ್ ಹಿಂದಕ್ಕೆ ಬಗ್ಗಿ ಚೀಟಿ ಒರೆಸಿದೆ. ಘಾಟು ಎದ್ದು ಸೀನು ಶುರುವಾಯಿತು, ಅದೇ ಕೈ ಕಣ್ಣಿಗೆ ಹೋಯಿತು. ಅರ್ಧ ತಾಸು ನಲ್ಲಿಯ ಕೆಳಗೆ ಮುಖ ಹಿಡಿದುಕೊಂಡು ನಿಂತಿದ್ದೆ. ಪೇಟೆಯಲ್ಲಿ ಈ ಕೆಲಸ ಮಾಡುವವರು ದಯವಿಟ್ಟು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಒರೆಸಿ ಓದಿದ್ದು ಕೂಡ ಸರಿಯಿರಲಿಲ್ಲ. ಎರಡನೇ ಡಬ್ಬಿಯ ಚೀಟಿ ಹರಿದಿತ್ತು, ಹಾಗಾಗಿ ಪುಟ ಹೊಡೆಸಿದೆ. ರಿಬ್ಬನ್ ಸವೆದಿತ್ತು. ಬಿ ಅಕ್ಷರವನ್ನು 8 ಅಂತ ಓದಿದೆ. ಆ ಒಂದು ಅಕ್ಷರಕ್ಕೆ ಆಮೇಲೆ ಒಂದು ಸಂಜೆ ಪೂರ್ತಿ ಹೋಯಿತು. ಇನ್ನೊಂದು ಮೋಸ: ನಮ್ಮ ಬಣ್ಣದ ಪ್ರಿಂಟರ್‌ಗೆ ವೈಫೈ ಮತ್ತು ಕೇಬಲ್ ಎರಡೂ ಇವೆ, ಎರಡಕ್ಕೂ ಬೇರೆ ಬೇರೆ ಮ್ಯಾಕ್ ನಂಬರ್. ನೀವು ಕೇಬಲ್ ಹಾಕಿ ವೈಫೈ ನಂಬರ್ ಬರೆದರೆ ದಫ್ತರ ಹೊಂದುವುದಿಲ್ಲ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಏಳು ಸಾಲು ಬಂದವು. ಪಟ್ಟಿ ಹೊಡೆಯುವ ಮೂರು ಡಾಟ್ ಮ್ಯಾಟ್ರಿಕ್ಸ್, ತೂಕದ ಚೀಟಿಯ ಥರ್ಮಲ್ ಪ್ರಿಂಟರ್, ಎರಡು ಲೇಸರ್, ಒಂದು ಬಣ್ಣದ್ದು. ಇವಕ್ಕೆ 192.168.1.201 ರಿಂದ 207ರವರೆಗೆ ಕೊಡುವುದು, ಕಂಪ್ಯೂಟರ್ ಮೊಬೈಲ್ ಎಲ್ಲಕ್ಕೂ 100 ರಿಂದ 199ರ ನಡುವೆ ಹಂಚುವುದು ಅಂತ ಗೆರೆ ಹಾಕಿಕೊಂಡೆ. ಪ್ರಿಂಟರ್‌ಗಳ ಓಣಿಗೆ ಮೊಬೈಲ್‌ಗಳು ಕಾಲಿಡಬಾರದು.

ದಫ್ತರ ಇಡುವ ಯಂತ್ರಕ್ಕೆ ಒಂದು ರಾಸ್ಪ್‌ಬೆರಿ ಪೈ ತಂದೆವು. ಅಂಗೈ ಅಗಲದ ಕಂಪ್ಯೂಟರ್. ಅಕ್ಕನ ಮಗನ ಗೆಳೆಯನೊಬ್ಬ ಮಾರುತ್ತಿದ್ದ, 2,800ಕ್ಕೆ ಕೊಟ್ಟ. ಒಂದು ಶುಕ್ರವಾರ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ತಂದೆ. ಅಲ್ಲೇ ಕೊಪ್ಪಿಕರ್ ರಸ್ತೆಯಲ್ಲಿ ಮಗಳಿಗೆ ಒಂದು ಫ್ರಾಕ್ ಕೊಂಡೆ, ಆ ಲೆಕ್ಕ ಇದರಲ್ಲಿ ಸೇರಿಲ್ಲ. ಪೈ ಮೇಲೆ ಓಡುವುದು ಲಿನಕ್ಸ್, ವಿಂಡೋಸ್ ಇದ್ದ ಹಾಗೆ ಇನ್ನೊಂದು, ಅದರೊಳಗೆ ಡಿಎನ್‌ಎಸ್‌ಮಾಸ್ಕ್ ಅನ್ನುವ ಪುಕ್ಕಟೆ ತಂತ್ರಾಂಶ. ಡಿಎಚ್‌ಸಿಪಿ ಮತ್ತು ಬೂಟ್‌ಪಿ ಎರಡಕ್ಕೂ ಅದೇ ಉತ್ತರ ಕೊಡುತ್ತದೆ. ಪ್ರತಿ ಪ್ರಿಂಟರ್‌ಗೆ ಒಂದು ಸಾಲು: ಮ್ಯಾಕ್ ನಂಬರ್, ಹೆಸರು, ವಿಳಾಸ. ಏಳು ಸಾಲು ಹೊಡೆಯಲು ಹತ್ತು ನಿಮಿಷ ಸಾಕು. ಹೆಸರು ಇಡುವಾಗ ಕಾಕಾ ಬಂದು ಬಗ್ಗಿ ನೋಡಿದರು. "ಪಟ್ಟಿ1, ಪಟ್ಟಿ2 ಅಂತ ಇಡು. ಕಂಪನಿ ಹೆಸರು ಇಟ್ರ ನನಗ ತಿಳಿಯೂದಿಲ್ಲ." ಹಾಗೇ ಇಟ್ಟೆ. ಕಂಪ್ಯೂಟರ್‌ಗೆ ಕನ್ನಡ ಅಕ್ಷರ ಬೇಡ ಅಂತ ಇಂಗ್ಲಿಷಿನಲ್ಲೇ ಬರೆದೆ, ಆದರೆ ಹೆಸರು ಕಾಕಾ ಇಟ್ಟದ್ದೇ.

ಒಂದು ಆಯ್ಕೆಯ ಬಗ್ಗೆ ಎಚ್ಚರ ಹೇಳಬೇಕು. ದಫ್ತರದಲ್ಲಿ ಹೆಸರಿಲ್ಲದ ಬೂಟ್‌ಪಿ ಯಂತ್ರ ಬಂದರೂ ಒಂದು ವಿಳಾಸ ಕೊಟ್ಟುಬಿಡು ಅನ್ನುವ ಆಯ್ಕೆ ಡಿಎನ್‌ಎಸ್‌ಮಾಸ್ಕ್‌ನಲ್ಲಿದೆ. ಹಾಕಿಕೊಳ್ಳಬೇಡಿ. ಬೂಟ್‌ಪಿಯಲ್ಲಿ ಕೊಟ್ಟ ವಿಳಾಸ ವಾಪಸ್ ಬರುವುದಿಲ್ಲ, ಅದು ಶಾಶ್ವತವಾಗಿ ಹೋದ ಹಾಗೆ. ಹೆಸರಿದ್ದವರಿಗೆ ಮಾತ್ರ ಕೊಡು ಅಂತಲೇ ಇರಲಿ.

ಈಗ ಎಲ್ಲಕ್ಕಿಂತ ಜಾಸ್ತಿ ಕಾದ ಕೆಲಸ. ಒಂದು ನೆಟ್‌ವರ್ಕ್‌ನಲ್ಲಿ ವಿಳಾಸ ಹಂಚುವವರು ಇಬ್ಬರಿದ್ದರೆ ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ಮಾತು ನಡೆಯುತ್ತದೆ. ಹಾಗಾಗಿ ರೌಟರ್‌ನ ಹಂಚಿಕೆ ನಿಲ್ಲಿಸಬೇಕು. ಅದರೊಳಗೆ ಹೋಗಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಂಟರ್ನೆಟ್ ಕೊಟ್ಟವರ ಹತ್ತಿರ. ಸೋಮವಾರ ಫೋನ್ ಮಾಡಿದೆ, "ಹುಡುಗ ಬರ್ತಾನ್ರಿ" ಅಂದರು. ಮಂಗಳವಾರ ಹುಡುಗ ಮೋಟೆಬೆನ್ನೂರಿನಲ್ಲಿ ಕಂಬ ಹತ್ತಿದ್ದ. ಬುಧವಾರ ಫೋನ್ ಎತ್ತಲಿಲ್ಲ. ಗುರುವಾರ ಪೇಟೆ, ನನಗೇ ಪುರುಸೊತ್ತಿಲ್ಲ, ಆ ದಿನವೂ ಅರ್ಧ ಪಟ್ಟಿ ಕೈಬರಹ. ಶುಕ್ರವಾರ ಹುಡುಗ ಬಂದ. ಪಾಸ್‌ವರ್ಡ್ ಹೇಳಲು ಅವನಿಗೆ ಅಪ್ಪಣೆ ಇಲ್ಲವಂತೆ, ತಾನೇ ಹಂಚಿಕೆ ಆಫ್ ಮಾಡಿಕೊಟ್ಟ. ಚಹಾ ಕುಡಿದು, ಒಂದು ಹಿಡಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋದ. ನೀವು ಇದನ್ನು ಮಾಡುವುದಾದರೆ ಮೊದಲ ದಿನವೇ ಪಾಸ್‌ವರ್ಡ್ ಬೆನ್ನು ಹತ್ತಿ. ಉಳಿದದ್ದೆಲ್ಲ ಆಮೇಲೆ.

ಭಾನುವಾರ ಅಂಗಡಿ ಖಾಲಿ. ಪೈಗೆ 192.168.1.2 ಅಂತ ಅದರದೇ ಕಾಯಂ ವಿಳಾಸ ಕೊಟ್ಟಿದ್ದೆ. ಹಂಚುವವನಿಗೇ ವಿಳಾಸ ಬದಲಾದರೆ ಕಥೆ ಮುಗಿಯಿತು. ಕೇಬಲ್ ಸಿಕ್ಕಿಸಿ, ಪೈ ಬರೆಯುವ ದಿನಚರಿಯನ್ನು ಪರದೆ ಮೇಲೆ ತೆರೆದಿಟ್ಟುಕೊಂಡೆ. ಇದನ್ನು ಲಾಗ್ ಅನ್ನುತ್ತಾರೆ. ಒಂದನೇ ಡಬ್ಬಿಗೆ ಕರೆಂಟ್ ಕೊಟ್ಟೆ. ಒಂದು, ಎರಡು, ಮೂರು ಸೆಕೆಂಡ್. ಬಂತು ಒಂದು ಸಾಲು: ಬೂಟ್‌ಪಿ, 192.168.1.201, ಪಕ್ಕದಲ್ಲಿ ನಮ್ಮ ಡಬ್ಬಿಯ ನಂಬರ್. ಖಾಲಿ ಅಂಗಡಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಹೊರಗೆ ಚೀಲದ ಮೇಲೆ ಮಲಗಿದ್ದ ಹಮಾಲ ಎದ್ದು ಇಣುಕಿ ನೋಡಿ ಮತ್ತೆ ಮಲಗಿದ.

ಎರಡನೇ ಡಬ್ಬಿ ಕೇಳುತ್ತಲೇ ಇತ್ತು, ಪೈ ಈ ನಂಬರ್‌ಗೆ ವಿಳಾಸ ಇಲ್ಲ ಅನ್ನುತ್ತಲೇ ಇತ್ತು. ಕೇಬಲ್ ಬದಲಿಸಿದೆ, ಸ್ವಿಚ್‌ನ, ಅಂದರೆ ಎಲ್ಲ ನೆಟ್‌ವರ್ಕ್ ಕೇಬಲ್ ಸೇರುವ ಪೆಟ್ಟಿಗೆಯ, ಬೇರೆ ತೂತಿಗೆ ಹಾಕಿದೆ. ಕತ್ತಲಾಗುವ ಹೊತ್ತಿಗೆ ಲಾಗ್‌ನಲ್ಲಿ ಬಂದ ನಂಬರ್ ಮತ್ತು ನನ್ನ ನೋಟ್‌ಬುಕ್ ನಂಬರ್ ಎರಡನ್ನೂ ಬೆರಳಿಟ್ಟು ಹೋಲಿಸಿದೆ. ಅಲ್ಲಿ ಬಿ, ಇಲ್ಲಿ 8. ಮ್ಯಾಕ್ ನಂಬರನ್ನು ಕಣ್ಣಿಂದ ಓದಿ ಬರೆಯುವ ಬದಲು ಲಾಗ್‌ನಿಂದಲೇ ಎತ್ತಿಕೊಳ್ಳಬಹುದಿತ್ತು. ಪ್ರಿಂಟರ್‌ಗಳನ್ನು ಒಂದೊಂದಾಗಿ ಆನ್ ಮಾಡಿದರೆ ತಮ್ಮ ನಂಬರ್ ತಾವೇ ಹೇಳುತ್ತವೆ. ಎರಡು ದಿನದ ಸೀನು ಉಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಬೀಗುತ್ತಾ ಅಂಗಡಿಗೆ ಹೋದೆ. ಒಂಬತ್ತೂವರೆಗೆ ಒಂದು ಕಂಪ್ಯೂಟರ್‌ನಲ್ಲೂ ಇಂಟರ್ನೆಟ್ ಇಲ್ಲ. ಟೆಂಡರ್ ಪುಟ ತೆರೆಯುತ್ತಿಲ್ಲ. ಪ್ರಿಂಟರ್‌ಗಳು ಮಾತ್ರ ಗಡದ್ದಾಗಿ ಹೊಡೆಯುತ್ತಿವೆ! ಸಾವ್ಕಾರರು ಏನೂ ಅನ್ನಲಿಲ್ಲ, ಬಾಗಿಲಲ್ಲಿ ನಿಂತು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕಾರಣ ಇಷ್ಟೇ: ಡಿಎನ್‌ಎಸ್‌ಮಾಸ್ಕ್‌ಗೆ ನಾವು ಬೇರೆ ಹೇಳದಿದ್ದರೆ ವಿಳಾಸದ ಜೊತೆ "ಹೊರಗೆ ಹೋಗುವ ಬಾಗಿಲು ನಾನೇ" ಅಂತಲೂ ಎಲ್ಲರಿಗೂ ಹೇಳುತ್ತದೆ. ನಿಜವಾದ ಬಾಗಿಲು ರೌಟರ್, 192.168.1.1. ಭಾನುವಾರ ಕಂಪ್ಯೂಟರ್‌ಗಳೆಲ್ಲ ಆಫ್ ಇದ್ದವು, ಅದಕ್ಕೇ ಗೊತ್ತಾಗಲಿಲ್ಲ. ಬೆಳಿಗ್ಗೆ ಎದ್ದವು, ಪೈ ಹೇಳಿದ್ದನ್ನು ನಂಬಿದವು. ಪ್ರಿಂಟರ್‌ಗೆ ಹೊರಗೆ ಹೋಗುವ ಕೆಲಸವೇ ಇಲ್ಲ, ಅದಕ್ಕೆ ಅವು ಆರಾಮಾಗಿದ್ದವು. ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸಬೇಕು, ಆಯ್ಕೆ ಸಂಖ್ಯೆ 3, ಮುಂದೆ ರೌಟರ್ ವಿಳಾಸ. ಫೋನಿನಲ್ಲಿ ಅಕ್ಕನ ಮಗ ಹೇಳಿದ, ನಾನು ನಡುಗುವ ಕೈಯಲ್ಲಿ ಹೊಡೆದೆ, ಎಲ್ಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆವು. ಹತ್ತೂಕಾಲಿಗೆ ಸರಿಯಾಯಿತು. ಇದನ್ನು ಓದುವವರು ಇಡೀ ಬರಹದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಈ ಸಾಲನ್ನು ಇಟ್ಟುಕೊಳ್ಳಿ. ಮತ್ತೆ, ಪ್ರಿಂಟರ್ ಜೊತೆ ಒಂದಾದರೂ ಕಂಪ್ಯೂಟರ್ ಹಚ್ಚಿ ಪರೀಕ್ಷೆ ಮಾಡಿ.

ಕಂಪ್ಯೂಟರ್‌ಗಳ ಕಡೆಯ ಕೆಲಸ ಬೇಸರದ್ದು, ಬೇಗ ಹೇಳಿಬಿಡುತ್ತೇನೆ. ಐದು ಕಂಪ್ಯೂಟರ್‌ಗಳಲ್ಲೂ ಪ್ರತಿ ಪ್ರಿಂಟರ್‌ನ ಪೋರ್ಟ್ ಬದಲಿಸಿ ಹೊಸ ವಿಳಾಸ ಹಾಕಬೇಕು. ವಿಂಡೋಸ್ ತಾನಾಗಿಯೇ ಹುಡುಕಿ ಹಾಕಿಕೊಂಡ ಡಬ್ಲ್ಯುಎಸ್‌ಡಿ ಪೋರ್ಟ್ ಇದ್ದರೆ ಅದನ್ನು ಬಿಟ್ಟು ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಮಾಡಿ. ಜೆಟ್‌ಡೈರೆಕ್ಟ್ ಡಬ್ಬಿಗಳಿಗೆ ಪೋರ್ಟ್ ನಂಬರ್ 9100. ಒಂದು ಪ್ರಿಂಟರ್ ಆನ್ ಇದ್ದರೂ ವಿಂಡೋಸ್ ಆಫ್‌ಲೈನ್ ಅನ್ನುತ್ತಿತ್ತು, ಪೋರ್ಟ್ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ (ಪ್ರಿಂಟರ್ ಹೇಗಿದೆ ಅಂತ ವಿಚಾರಿಸುವ ಪದ್ಧತಿ) ಮುಂದಿನ ಗುರುತು ತೆಗೆದ ಮೇಲೆ ಸರಿಹೋಯಿತು.

ಇನ್ನು ಕರೆಂಟ್. ಎಲ್ಲ ಸರಿಯಾಯಿತು ಅಂದುಕೊಂಡ ವಾರವೇ ಮಧ್ಯಾಹ್ನ ಕರೆಂಟ್ ಹೋಗಿ ಐದು ನಿಮಿಷಕ್ಕೆ ಬಂತು. ಮೂರೂ ಡಬ್ಬಿ ಮತ್ತೆ 192.0.0.192! ಡಬ್ಬಿ ಎದ್ದೇಳಲು ಕೆಲವು ಸೆಕೆಂಡ್ ಸಾಕು. ಪೈಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಪೈ ಕಣ್ಣು ಬಿಡುವಷ್ಟರಲ್ಲಿ ಡಬ್ಬಿಗಳು ಕೂಗಿ ಕೂಗಿ ಸುಮ್ಮನಾಗಿದ್ದವು. ಮೇಲಿಂದ ಸ್ವಿಚ್ ಬೇರೆ. ಯಾರೋ ಕೊಟ್ಟಿದ್ದ ದೊಡ್ಡ ಕಚೇರಿಯ ಹಳೇ ಸ್ವಿಚ್ ಹಾಕಿದ್ದೆವು. ಅದರಲ್ಲಿ ಸ್ಪ್ಯಾನಿಂಗ್ ಟ್ರೀ ಅನ್ನುವ ಏರ್ಪಾಡು ಇತ್ತು. ಕೇಬಲ್ ಸುತ್ತು ಬಿದ್ದಿದೆಯೋ ಅಂತ ನೋಡಲು 15 ಸೆಕೆಂಡ್, ಕಲಿಯಲು ಇನ್ನೊಂದು 15 ಸೆಕೆಂಡ್, ಒಟ್ಟು ಅರ್ಧ ನಿಮಿಷ ಯಾರ ಮಾತನ್ನೂ ಮುಂದೆ ಬಿಡುವುದಿಲ್ಲ. ಡಬ್ಬಿಯ ಮೊದಲ ಕೂಗುಗಳೆಲ್ಲ ಅಲ್ಲೇ ಸತ್ತವು. ಅದನ್ನು ಬಂದ್ ಮಾಡುವ ದಾರಿ ಇದೆ, ಆದರೆ ಆ ಸ್ವಿಚ್‌ನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಇನ್ನೊಂದು ಪಾಸ್‌ವರ್ಡ್ ಬೆನ್ನು ಹತ್ತುವ ಶಕ್ತಿ ನನಗಿರಲಿಲ್ಲ. 1,100 ಕೊಟ್ಟು ಎಂಟು ತೂತಿನ ಸಾದಾ ಸ್ವಿಚ್ ತಂದೆ. ಪೈ, ರೌಟರ್, ಸ್ವಿಚ್ ಮೂರಕ್ಕೂ ಸೇರಿ ಒಂದು ಸಣ್ಣ ಯುಪಿಎಸ್, 2,600. ಈಗ ಪ್ರಿಂಟರ್‌ಗಳು ಸಾಯುತ್ತವೆ, ಏಳುತ್ತವೆ, ಉತ್ತರ ಕೊಡುವವನು ಎಚ್ಚರವಾಗಿಯೇ ಇರುತ್ತಾನೆ. ಯುಪಿಎಸ್ ಕೊನೇ ಖರ್ಚು ಅಂತ ಮುಂದೂಡಿದ್ದೆ. ಮೊದಲ ಖರ್ಚು ಆಗಬೇಕಿತ್ತು, ಯಾಕೆಂದರೆ ಅದಕ್ಕೂ ಮೊದಲಿನ ಒಂದು ಕರೆಂಟ್ ಹೊಡೆತಕ್ಕೆ ಪೈ ಒಳಗಿನ ಮೆಮೊರಿ ಕಾರ್ಡ್ ಕೆಟ್ಟು ಎಲ್ಲವನ್ನೂ ಇನ್ನೊಮ್ಮೆ ಹೊಡೆಯಬೇಕಾಗಿ ಬಂದಿತ್ತು. ಈಗ ಸೆಟ್ಟಿಂಗ್ ಫೈಲ್‌ನ ಒಂದು ಪ್ರತಿ ನನ್ನ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಕಾಗದದ ಮೇಲೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ.

ಇನ್ನೊಂದು ಸಣ್ಣ ವಿಷಯ. ದಫ್ತರದಲ್ಲಿ ವಿಳಾಸ ಬದಲಿಸಿದರೆ ಬೂಟ್‌ಪಿ ಪ್ರಿಂಟರ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಅದು ಕೇಳುವುದು ಏಳುವಾಗ ಮಾತ್ರ. ಬದಲಿಸಿದ ಮೇಲೆ ಡಬ್ಬಿಯ ಕರೆಂಟ್ ತೆಗೆದು ಹಾಕಬೇಕು. ಡಿಎಚ್‌ಸಿಪಿ ಯಂತ್ರಗಳಾದರೆ ಬಾಡಿಗೆಯ ಅರ್ಧ ಅವಧಿಗೆ ಬಂದು ನವೀಕರಿಸಿಕೊಳ್ಳುತ್ತವೆ.

ಖರ್ಚಿನ ಲೆಕ್ಕ, ಸಾವ್ಕಾರರಿಗೆ ಕೊಟ್ಟ ಹಾಗೆಯೇ: ರಿಪೇರಿಯವರಿಗೆ 600, ಪೈ 2,800, ಮೆಮೊರಿ ಕಾರ್ಡ್ ಎರಡು ಸೇರಿ 900, ಸ್ವಿಚ್ 1,100, ಯುಪಿಎಸ್ 2,600, ಕೇಬಲ್ 480, ಹುಬ್ಬಳ್ಳಿಗೆ ಓಡಾಟ 320. ಒಟ್ಟು 8,800. ಅವರು ಚೀಟಿ ನೋಡಿ ಮೊದಲ ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ಸುಮ್ನ ಹೋತು" ಅಂದರು. ಸಹಿ ಹಾಕಿದರು.

ಮೆಣಸಿನಕಾಯಿ ಧೂಳಿಗೆ ಪೈಯನ್ನು ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ಗಾಳಿಗೆ ತೂತು ಕೊರೆಸಿ, ತೂತಿಗೆ ತೆಳು ಬಟ್ಟೆ ಅಂಟಿಸಿದ್ದೇನೆ. ವಾರಕ್ಕೊಮ್ಮೆ ಬಟ್ಟೆ ಬದಲಿಸುತ್ತೇನೆ, ಪ್ರತಿ ಸಲ ಕೆಂಪಗೆ ಬರುತ್ತದೆ. ಅಂಗಡಿಯಲ್ಲಿ ಅದಕ್ಕೆ ಡಬ್ಬಿ ಅಂತಲೇ ಹೆಸರು. ಬ್ಯಾಡಗಿಯಲ್ಲಿ ಡಬ್ಬಿ ಅಂದರೆ ಮೊದಲು ನೆನಪಾಗುವುದು ಮೆಣಸಿನಕಾಯಿಯ ಜಾತಿ, ಕಡ್ಡಿ ಮತ್ತು ಡಬ್ಬಿ. ಮೊನ್ನೆ ನಾನು ಫೋನಿನಲ್ಲಿ ಅಕ್ಕನ ಮಗನಿಗೆ "ಡಬ್ಬಿ ಚಲೋ ಐತಿ" ಅಂದದ್ದು ಕೇಳಿಸಿಕೊಂಡು ಖರೀದಿದಾರರೊಬ್ಬರು ಎಷ್ಟು ಚೀಲ ಅಂತ ಕೇಳಿಕೊಂಡು ಬಂದರು.

ಕಳೆದ ಗುರುವಾರ ಎರಡು ಸಲ ಕರೆಂಟ್ ಹೋಯಿತು. ಎರಡೂ ಸಲ ಪಟ್ಟಿ1, ಪಟ್ಟಿ2, ಪಟ್ಟಿ3 ತಮ್ಮ ತಮ್ಮ ವಿಳಾಸಕ್ಕೇ ಎದ್ದವು. ಸಂಜೆ ಆರೂವರೆಗೆ ಕೊನೇ ಪಟ್ಟಿ ಹರಿದುಕೊಟ್ಟೆ. ಸಾವ್ಕಾರರ ಕೋಣೆಯ ಲೇಸರ್ ಇನ್ನೂ ವೈಫೈ ಮೇಲೆಯೇ ಇದೆ, ಕೇಬಲ್ ಎಳೆಯಲು ಗೋಡೆ ಕೊರೆಯಬೇಕು, ಅದು ಸುಗ್ಗಿ ಮುಗಿದ ಮೇಲೆ. ಕಾಕಾ ಮಾತ್ರ ಕೈಬರಹದ ಪಟ್ಟಿ ಪುಸ್ತಕವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದಾರೆ, ಕಾರ್ಬನ್ ಹಾಳೆ ಸಿಕ್ಕಿಸಿ.